ಬಲ, ಬಲೆ, ಬಲಿ

ಸಿಸ್ಟರ್ ಜೆರ್ಟ್ರೂಡ್ ವಾರ್ಡಿಗೆ ಕಾಲಿಟ್ಟರೆ ದೊಡ್ಡ ಡಾಕ್ಟರುಗಳೂ ದನಿ ತಗ್ಗಿಸುತ್ತಿದ್ದ ಕಾಲವೊಂದಿತ್ತು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದ ಮೇಲೂ ಆ ಗತ್ತು ಅವರನ್ನು ಬಿಟ್ಟು ಹೋಗಿರಲಿಲ್ಲ. ಬಸ್ಸಿನ ಕಂಡಕ್ಟರು, ಗ್ಯಾಸ್ ತರುವವನು, ಫ್ಲ್ಯಾಟಿನ ವಾಚ್‌ಮನ್ ಎಲ್ಲರೂ ಅದರ ರುಚಿ ಕಂಡವರೇ. ಅಂಥವರು ಈಗ ಶನಿವಾರ ಮಧ್ಯಾಹ್ನವಾದರೆ ಉಡುಪಿಯ ಚರ್ಚಿನ ಹಿಂದಿನ ಕೋಣೆಯಲ್ಲಿ, ಸಂಡೇ ಸ್ಕೂಲ್ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕುಳಿತು ಪ್ರಸಂಗ ಮಾಡುವುದನ್ನು, ಅಂದರೆ ಚರ್ಚಿನಲ್ಲಿ ನಿಂತು ಉಪದೇಶ ಹೇಳುವುದನ್ನು, ಕಲಿಯುತ್ತಿದ್ದರು. ಕಲಿಯುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಬೈಸಿಕೊಳ್ಳುತ್ತಿದ್ದರು ಎಂದರೆ ಹೆಚ್ಚು ಸರಿ.

ಬೈಯುವವರು ಆಂಡ್ರ್ಯೂ ಮಾಸ್ಟ್ರು. ಕಾರ್ಕಳದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಆಮೇಲೆ ದೇವಶಾಸ್ತ್ರ ಓದಿ, ಸಭಾಪಾಲಕರಾಗಿ ಊರೂರು ಸುತ್ತಿದವರು. ಕಾಪು, ಎರ್ಮಾಳ್, ಪೆರ್ಡೂರಿನಂಥ ಕಡೆಗಳ ಸಣ್ಣ ಸಭೆಗಳಿಗೆ ಈಗ ಪಾಸ್ಟರು ಬರುವುದು ತಿಂಗಳಿಗೊಮ್ಮೆ. ಉಳಿದ ಭಾನುವಾರಗಳಲ್ಲಿ ಊರಿನವರೇ ಯಾರಾದರೂ ಬೈಬಲಿನ ವಾಕ್ಯ ಓದಿ ನಾಲ್ಕು ಮಾತು ಹೇಳಬೇಕು. ಹೇಳುವವರು ಬಾಯಿಗೆ ಬಂದದ್ದನ್ನು ಹೇಳಬಾರದಲ್ಲ? ಅದಕ್ಕಾಗಿ ಈ ತರಗತಿ. ಮಾಸ್ಟ್ರಿಗೆ ಇದರಿಂದ ಸಿಗುವುದು ಒಂದು ಲೋಟ ಚಹಾ, ಎರಡು ಗೋಳಿಬಜೆ ಮತ್ತು ಬೈಯುವ ಸುಖ.

ನಿಜ ಹೇಳಬೇಕೆಂದರೆ ಅವರು ಜೋರಾಗಿ ಬೈಯುವವರೇ ಅಲ್ಲ. ವಿದ್ಯಾರ್ಥಿ ಪ್ರಸಂಗ ಮುಗಿಸಿ, ಬೆವರೊರೆಸಿಕೊಂಡು, ಈಗ ಹೊಗಳುತ್ತಾರೆ ಎಂದು ಕಾಯುತ್ತಿರುವಾಗ ಕನ್ನಡಕ ತೆಗೆದು ಮೆಲ್ಲಗೆ ಕೇಳುತ್ತಿದ್ದರು, "ಇದು ಎಲ್ಲಿ ಉಂಟು?" ಅಷ್ಟೇ. ನೀವು ಹೇಳಿದ್ದು ವಾಕ್ಯದಲ್ಲಿ ಎಲ್ಲಿದೆ, ಬೆರಳಿಟ್ಟು ತೋರಿಸಿ ಎಂದು ಅರ್ಥ. ತೋರಿಸಲಾಗದೆ ಎಷ್ಟೋ ಮಂದಿಯ ಕಣ್ಣು ನೆಲ ನೋಡಿದ್ದುಂಟು. ಇಲ್ಲದ್ದನ್ನು ತುಂಬಬೇಡಿ, ಇರುವುದನ್ನು ಬಿಡಬೇಡಿ ಎಂಬುದು ಅವರ ನಿಯಮ. ಬೆನ್ನ ಹಿಂದೆ ಎಲ್ಲರೂ ಅವರನ್ನು ಎಲ್ಲಿಉಂಟು ಮಾಸ್ಟ್ರು ಎಂದೇ ಕರೆಯುತ್ತಿದ್ದರು, ಅದು ಅವರಿಗೂ ಗೊತ್ತಿತ್ತು.

ಇನ್ನೊಂದು ಪರೀಕ್ಷೆಯೂ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ಹೊಳೆ ದಾಟಿಸುವುದು. ಕನ್ನಡದಲ್ಲಿ ತಯಾರಿಸಿದ ಪ್ರಸಂಗದ ಸಾರವನ್ನು ತುಳುವಿನಲ್ಲಿ ಹೇಳಬೇಕು, ಆಮೇಲೆ ಬಲ್ಲವರು ಯಾರಾದರೂ ಅದನ್ನು ಕೊಂಕಣಿಯಲ್ಲಿ ಹೇಳಬೇಕು. ಈಚೆ ದಡದಿಂದ ಆಚೆ ದಡಕ್ಕೆ ಹೋಗುವಾಗ ಯಾವುದು ಮುಳುಗುತ್ತದೋ ಅದು ವಾಕ್ಯದ್ದಲ್ಲ, ಬರೀ ಭಾಷೆಯದ್ದು ಎಂದು ಲೆಕ್ಕ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಪುಸ್ತಕದಲ್ಲಿ ಇನ್ನೊಂದು ಭಾಷೆ ಇರುವ ಊರಿನಲ್ಲಿ ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಸಿಗಲಿಕ್ಕಿಲ್ಲ.

ಜೆರ್ಟ್ರೂಡಮ್ಮ ಈ ವಯಸ್ಸಿನಲ್ಲಿ ಇಷ್ಟೆಲ್ಲ ಸಹಿಸಿಕೊಳ್ಳುತ್ತಿದ್ದುದಕ್ಕೆ ಕಾರಣ ಅವರ ಅಪ್ಪ. ಬೆನ್ಯಾಮಿನ್ ಉಪದೇಶಿ ಎಂದರೆ ಎರ್ಮಾಳಿನ ಕಡಲತೀರದಲ್ಲಿ ಗೊತ್ತಿಲ್ಲದವರಿರಲಿಲ್ಲ. ಪಾಸ್ಟರ್ ಪಟ್ಟವಿಲ್ಲದೆ ಹಳ್ಳಿಯ ಸಭೆ ನೋಡಿಕೊಳ್ಳುವವರನ್ನು ಆಗ ಉಪದೇಶಿ ಎನ್ನುತ್ತಿದ್ದರು. ಅವರು ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಆದರೂ ಅವರ ಒಂದು ಪ್ರಸಂಗ ಇನ್ನೂ ಜನರ ಬಾಯಲ್ಲಿದೆ. ಯೇಸುವಿನ ಶಿಷ್ಯರು ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಬರುವಾಗ, ದಡದಲ್ಲಿ ನಿಂತ ಯೇಸು ದೋಣಿಯ ಬಲಗಡೆ ಬಲೆ ಬೀಸಿ ನೋಡಿ ಎನ್ನುವ ಕಥೆ ಉಂಟಲ್ಲ, ಅದರ ಮೇಲಿನ ಪ್ರಸಂಗ. ಬಲಗಡೆ ಎಂದರೆ ಬಲದ ಕಡೆ, ಬಲದ ಕಡೆ ನಿಂತು ಬಲೆ ಬೀಸಿ, ಬಲೆಗೆ ಬಿದ್ದದ್ದನ್ನು ನಿಮಗೇ ಇಟ್ಟುಕೊಳ್ಳದೆ ದೇವರಿಗೆ ಬಲಿ ಕೊಡಿ. ಬಲ, ಬಲೆ, ಬಲಿ. ಬೆನ್ಯಾಮಿನ್ ಉಪದೇಶಿ ಮುಷ್ಟಿ ಎತ್ತಿ ಮೂರು ಶಬ್ದ ಹೇಳಿದರೆ ಅಲ್ಲಿನ ಪ್ರಾರ್ಥನಾ ಮಂದಿರದ ಹಂಚು ಅದುರುತ್ತಿತ್ತಂತೆ. ಮೀನುಗಾರರು ಬಲೆ ಎಳೆಯುವಾಗಲೂ ಅದನ್ನೇ ಕೂಗುತ್ತಿದ್ದರಂತೆ.

ಈಗ ಆ ಮಂದಿರದಲ್ಲಿ ಜೆರ್ಟ್ರೂಡಮ್ಮನ ಮೊದಲ ಪ್ರಸಂಗ ನಿಗದಿಯಾಗಿತ್ತು. ಮಾಸ್ಟ್ರು ಬಂದು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ ಒಪ್ಪಿದರೆ, ಎರ್ಮಾಳಿನ ಸಭೆ ಮುಂದಕ್ಕೆ ಅವರ ಪಾಲಿಗೆ. ಅಪ್ಪ ನಿಂತ ಜಾಗದಲ್ಲಿ ನಿಲ್ಲಬೇಕೆಂಬ ಆಸೆ ಅವರಿಗೆ ನರ್ಸಿಂಗ್ ಕೆಲಸದ ಅಷ್ಟೂ ವರ್ಷ ಒಳಗೊಳಗೇ ಇತ್ತು. ಅಲ್ಲಿನ ಹಿರಿಯಳಾದ ವಾರಿಜಾ ಸುದ್ದಿ ತಿಳಿದ ದಿನವೇ ಫೋನು ಮಾಡಿ, ಕಾಪುವಿನಿಂದ ಒಂದು ಗಾಡಿ ಜನ ಬರುತ್ತಾರೆ, ಕಾರ್ಕಳಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಬರುತ್ತಾರೆ, ಎಲ್ಲರಿಗೂ ಉಪದೇಶಿಗಳ ಬಲ, ಬಲೆ, ಬಲಿ ಇನ್ನೊಮ್ಮೆ ಕೇಳುವ ಆಸೆ ಎಂದಿದ್ದಳು. ಜೆರ್ಟ್ರೂಡಮ್ಮ ಕನ್ನಡಿಯ ಮುಂದೆ ನಿಂತು ಮುಷ್ಟಿ ಎತ್ತುವುದನ್ನು ಅಭ್ಯಾಸ ಮಾಡಿಕೊಂಡರು.

ಎರ್ಮಾಳಿನ ಭಾನುವಾರಕ್ಕೆ ಎಂಟು ದಿನ ಇರುವಾಗ, ಶನಿವಾರದ ತರಗತಿಯಲ್ಲಿ ಅದನ್ನು ಒಪ್ಪಿಸಿದರು. ಚೆನ್ನಾಗಿಯೇ ಒಪ್ಪಿಸಿದರು. ಬೆಂಚಿನಲ್ಲಿದ್ದವರು ತಲೆದೂಗಿದರು. ಮಾಸ್ಟ್ರು ಮಾತ್ರ ಕನ್ನಡಕ ತೆಗೆದರು.

ತುಳುವಿನಲ್ಲಿ ಹೇಳಿ ಎಂದರು. ಜೆರ್ಟ್ರೂಡಮ್ಮ ಹೇಳಿದರು. ತುಳುವಿನಲ್ಲೂ ಬಲಗೈ ಬಲಗೈಯೇ, ಬಲೆ ಬಲೆಯೇ, ಬಲಿ ಬಲಿಯೇ. ಪ್ರಸಂಗ ಒಂದು ಹನಿ ನೀರು ತಾಗದೆ ಹೊಳೆ ದಾಟಿತು. ಜೆರ್ಟ್ರೂಡಮ್ಮ ಗೆದ್ದವರಂತೆ ಮಾಸ್ಟ್ರನ್ನು ನೋಡಿದರು. ಮಾಸ್ಟ್ರು ಡೀನ್ ಎಂಬ ಇನ್ನೊಬ್ಬ ವಿದ್ಯಾರ್ಥಿಯ ಕಡೆ ತಿರುಗಿದರು.

ಡೀನ್ ಮಣಿಪಾಲದಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ತಾಯಿ ಕೆಥೋಲಿಕರ ಮನೆಯಿಂದ ಬಂದವರಾದ್ದರಿಂದ ಅವನಿಗೆ ಕೊಂಕಣಿ ನೀರು ಕುಡಿದಷ್ಟು ಸಲೀಸು. ಅವನು ಎದ್ದು ನಿಂತು ತಡವರಿಸಿದ. ಬಲೆಗೆ ಕೊಂಕಣಿಯಲ್ಲಿ ಜಾಳ್. ಬಲಗೈಗೆ ಉಜ್ವೊ ಹಾತ್. ಬಲದ ಸುದ್ದಿ ಅದರಲ್ಲಿ ಎಲ್ಲಿಂದ ಬರಬೇಕು? ಮುಷ್ಟಿ ಎತ್ತಿ ಕೂಗಲು ಮೂರು ಶಬ್ದ ಇರಲಿ, ಒಂದಕ್ಕೊಂದು ತಾಳೆಯಾಗುವ ಎರಡು ಶಬ್ದವೂ ಸಿಗಲಿಲ್ಲ. ಅಪ್ಪನ ಪ್ರಸಂಗ ಎಲ್ಲರ ಕಣ್ಣೆದುರೇ ನಡುಹೊಳೆಯಲ್ಲಿ ಮುಳುಗಿತು.

"ಉಜೊ ಅಂದ್ರೆ ಕೊಂಕಣಿಯಲ್ಲಿ ಬೆಂಕಿ, ಸಿಸ್ಟರ್," ಎಂದ ಡೀನ್, ವಾತಾವರಣ ತಿಳಿಗೊಳಿಸುವ ಆಸೆಯಿಂದ. "ಬೇಕಾದರೆ ಬೆಂಕಿಯ ಮೇಲೆ ಒಂದು ಪ್ರಸಂಗ ಮಾಡಬಹುದು."

ಎಲ್ಲರೂ ನಕ್ಕರು. ಜೆರ್ಟ್ರೂಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಬೈಬಲಿನ ಮೂಲ ಭಾಷೆಯಲ್ಲೂ ಅದು ಬರೀ ಬಲಗೈಯ ಕಡೆ, ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಮಾಸ್ಟ್ರು ವಿವರಿಸುತ್ತಿದ್ದುದು ಅವರ ಕಿವಿಗೆ ಬೀಳಲಿಲ್ಲ. ಅಪ್ಪ ಜೀವಮಾನವಿಡೀ ಇಲ್ಲದ್ದನ್ನು ಹೇಳಿಕೊಂಡು ಬಂದರು ಎಂದು ನಿಮ್ಮ ಅಭಿಪ್ರಾಯವೇ ಎಂದು ವಾರ್ಡಿನ ದನಿಯಲ್ಲೇ ಕೇಳಿದರು.

"ತಂದೆಯವರ ವಿಷಯ ನಾನು ಎಂತದ್ದೂ ಹೇಳಲಿಲ್ಲ ಸಿಸ್ಟರ್," ಎಂದರು ಮಾಸ್ಟ್ರು. "ಎಲ್ಲಿ ಉಂಟು ಅಂತ ಕೇಳಿದೆ, ಅಷ್ಟೇ. ಅವರು ಇದ್ದಿದ್ದರೆ ಅವರನ್ನೂ ಕೇಳುತ್ತಿದ್ದೆ."

ಜೆರ್ಟ್ರೂಡಮ್ಮ ಚಹಾ ಕುಡಿಯದೆ, ಗೋಳಿಬಜೆಯನ್ನು ಕಣ್ಣೆತ್ತಿಯೂ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದರು. ಮಣಿಪಾಲದ ಗುಡ್ಡ ಹತ್ತುವ ತನಕ ಬಸ್ಸಿನಲ್ಲಿ ಕುದಿಯುತ್ತಲೇ ಕುಳಿತಿದ್ದರು. ಎರ್ಮಾಳಿನಲ್ಲಿ ಅದೇ ಪ್ರಸಂಗ ಮಾಡಿಯೇ ತೀರುತ್ತೇನೆ, ಮಾಸ್ಟ್ರು ಒಪ್ಪಲಿ ಬಿಡಲಿ ಎಂದು ನಿಶ್ಚಯಿಸಿದರು. ಆದರೆ ನಿಶ್ಚಯ ಮಾಡಿದ ಮೇಲೂ ತಮ್ಮದೇ ಹಳೆಯ ಮಾತೊಂದು ಅಡ್ಡ ಬಂತು. ಔಷಧದ ಬಾಟಲಿಯ ಮೇಲೆ ಏನು ಬರೆದಿದೆಯೋ ಅದನ್ನೇ ಕೊಡಬೇಕು, ಪ್ರೀತಿ ಹೆಚ್ಚಾಯಿತೆಂದು ಇನ್ನೊಂದು ಕೊಡಬಾರದು ಎಂದು ಎಳೆಯ ನರ್ಸುಗಳಿಗೆ ಪಾಠ ಹೇಳಿದವರು ಅವರೇ. ಮುಳುಗಿದ್ದು ಮುಳುಗಿತು ಎಂದು ಅವರಿಗೂ ಕಂಡಿತ್ತು, ಅದೇ ಸಿಟ್ಟಿಗೆ ಮೂಲ.

ಬುಧವಾರ ಬೆಳಿಗ್ಗೆ ಕಾಫಿ ಕುಡಿದು ವೇದಪುಸ್ತಕ ತೆರೆದು ಕುಳಿತರು. ಭಕ್ತಿಯಿಂದೇನಲ್ಲ. ಡೀನ್‌ನ ಬೆಂಕಿಯ ಕುಚೋದ್ಯಕ್ಕೆ ತಕ್ಕ ಉತ್ತರ ಕೊಡಬೇಕಿತ್ತು, ಈ ಅಧ್ಯಾಯದಲ್ಲಿ ಬೆಂಕಿ ಎನ್ನುವ ಮಾತೇ ಇಲ್ಲ ಮಾರಾಯ, ಎಲ್ಲಿ ಉಂಟು ತೋರಿಸು ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಬೇಕಿತ್ತು. ಅಪ್ಪ ಯಾವಾಗಲೂ ಬಲೆ ತುಂಬಿದಲ್ಲಿಗೆ ಓದು ನಿಲ್ಲಿಸುತ್ತಿದ್ದರು, ಜೆರ್ಟ್ರೂಡಮ್ಮನೂ ಇಷ್ಟರ ತನಕ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆ ದಿನ ಹಟಕ್ಕೆ ಬಿದ್ದು ಮುಂದಕ್ಕೆ ಓದಿದರು.

ಮೂರು ವಾಕ್ಯ ಮುಂದೆ ಹೋಗುವಷ್ಟರಲ್ಲಿ ಬೆಂಕಿ ಇತ್ತು.

ಶಿಷ್ಯರು ದಡಕ್ಕೆ ಬಂದು ನೋಡುವಾಗ ಅಲ್ಲಿ ಆಗಲೇ ಕೆಂಡ ಉರಿಯುತ್ತಿದೆ. ಕೆಂಡದ ಮೇಲೆ ಮೀನು ಉಂಟು, ಪಕ್ಕದಲ್ಲಿ ರೊಟ್ಟಿ ಉಂಟು. ಇವರ ಬಲೆಯ ಮೀನು ಇನ್ನೂ ನೀರಿನಲ್ಲೇ ಇರುವಾಗ ಯೇಸು ಬೇರೆ ಮೀನು ಸುಟ್ಟು ಕಾದಿದ್ದಾನೆ. ಹಾಗಿದ್ದರೂ ನಿಮ್ಮದರಲ್ಲೂ ನಾಲ್ಕು ತನ್ನಿ ಎನ್ನುತ್ತಾನೆ. ಕೊನೆಗೆ, ಬಂದು ಊಟ ಮಾಡಿ ಎಂದು ಕರೆಯುತ್ತಾನೆ. ಜೆರ್ಟ್ರೂಡಮ್ಮ ಆ ಸಾಲುಗಳನ್ನು ಎಷ್ಟು ಸಲ ಕೇಳಿದ್ದರೋ ಲೆಕ್ಕವಿಲ್ಲ. ಆದರೆ ಆ ಬೆಳಿಗ್ಗೆ ಓದುತ್ತಿದ್ದ ಹಾಗೆ ಅವರ ಮೂಗಿಗೆ ತೆಂಗಿನ ಸಿಪ್ಪೆ ಸುಟ್ಟ ಹೊಗೆ ಬಂದಂತಾಯಿತು.

ಆ ಹೊಗೆ ಅವರ ಬಾಲ್ಯದ್ದು. ಭಾನುವಾರ ನಸುಕಿನಲ್ಲಿ ಎದ್ದು ಅಪ್ಪ ಮಂದಿರದ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ತೆಂಗಿನ ಸಿಪ್ಪೆಗೆ ಬೆಂಕಿ ಕೊಟ್ಟು, ದೊಡ್ಡ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಇಡುತ್ತಿದ್ದರು. ರಾತ್ರಿಯಿಡೀ ಕಡಲಿನಲ್ಲಿದ್ದು ದಡಕ್ಕೆ ಬಂದವರು, ಮೀನು ಸಿಕ್ಕಿದವರು ಸಿಗದವರು, ಚರ್ಚಿನವರು ಅಲ್ಲದವರು, ಯಾರು ಬಂದರೂ ಅಲ್ಲಿ ಕುಳಿತು ಉಣ್ಣುವುದು. ಕೈಯಲ್ಲಿ ಮೀನು ಇದ್ದವನು ಎರಡು ಬಂಗುಡೆ ಕೆಂಡದ ಮೇಲೆ ಹಾಕುವುದು. ಅಕ್ಕಿ ಖರ್ಚಾಗುತ್ತದೆಂದು ಅಮ್ಮ ಗೊಣಗುವುದು, ಮಸಿ ಹಿಡಿದ ಪಾತ್ರೆಯನ್ನು ಬೂದಿ ಹಾಕಿ ಉಜ್ಜುವ ಕೆಲಸ ಜೆರ್ಟ್ರೂಡಳ ಪಾಲಿಗೆ ಬರುವುದು. ಆ ಪಾತ್ರೆಯನ್ನು ಕಂಡರೆ ಆಗುತ್ತಿರಲಿಲ್ಲ ಅವರಿಗೆ. ಅಪ್ಪನ ಪ್ರಸಂಗ ಬೇರೆ, ಅಪ್ಪನ ಗಂಜಿಯ ಹುಚ್ಚು ಬೇರೆ ಎಂದೇ ಅವರು ತಿಳಿದುಕೊಂಡಿದ್ದರು. ಆಮೇಲೆ ಬೋಟುಗಳೆಲ್ಲ ಮಲ್ಪೆ ಬಂದರಿಗೆ ಹೋದವು, ಅಪ್ಪ ಹೋದರು, ಗಂಜಿಯೂ ನಿಂತಿತು.

ವೇದಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಜೆರ್ಟ್ರೂಡಮ್ಮ ಒಬ್ಬರೇ ನಕ್ಕರು. ನಗುತ್ತಾ ನಗುತ್ತಾ ಕಣ್ಣು ತುಂಬಿತು. ಅಪ್ಪ ಇಲ್ಲದ್ದನ್ನು ತುಂಬಿದ್ದು ನಿಜ, ಇದ್ದದ್ದನ್ನು ಓದದೆ ಬಿಟ್ಟದ್ದೂ ನಿಜ. ಮಾಸ್ಟ್ರ ಲೆಕ್ಕದಲ್ಲಿ ಎರಡೂ ತಪ್ಪು. ಆದರೆ ಬಿಟ್ಟ ಸಾಲುಗಳೆಲ್ಲ ಹಿತ್ತಲಲ್ಲಿ ಬೇಯುತ್ತಿದ್ದವಲ್ಲ.

ಹೇಳಬೇಕಾದದ್ದು ಏನೆಂದು ಸಿಕ್ಕಿತು. ಹೇಳುವುದು ಹೇಗೆ ಎನ್ನುವುದೇ ಕಷ್ಟ. ಬಲ, ಬಲೆ, ಬಲಿ ಕೇಳಲು ಗಾಡಿ ಮಾಡಿಕೊಂಡು ಬರುವವರ ಮುಂದೆ ನಿಂತು, ಅದು ವಾಕ್ಯದಲ್ಲಿ ಇಲ್ಲ ಎಂದರೆ, ಅಪ್ಪನ ಹೆಸರನ್ನು ಮಗಳೇ ಮಣ್ಣುಪಾಲು ಮಾಡಿದಳು ಎನ್ನುವುದಿಲ್ಲವೆ? ಎರ್ಮಾಳಿನ ಸಭೆ ಆಮೇಲೆ ತನ್ನನ್ನು ಮೆಟ್ಟಿಲು ಹತ್ತಲು ಬಿಟ್ಟೀತೆ? ಹೇಳದೆ ಹೋದರೆ ತನಗೆ ತಾನೇ ಮೋಸ. ವಾರಿಜಾಳಿಗೆ ಫೋನು ಮಾಡಿ ಮೊದಲೇ ತಿಳಿಸಿಬಿಡೋಣ ಎಂದುಕೊಂಡರು. ಆ ಕಡೆಯಿಂದ ವಾರಿಜಾ, ಮುದುಕರೆಲ್ಲ ಮೂರು ಶಬ್ದವನ್ನು ಒಟ್ಟಿಗೆ ಕೂಗಲು ತಯಾರಾಗಿದ್ದಾರೆ ಎಂದು ಸಂಭ್ರಮದಿಂದ ಹೇಳಿದಳು. ಜೆರ್ಟ್ರೂಡಮ್ಮ, ಮೈಕು ಸರಿ ಉಂಟಲ್ಲ ಎಂದು ಕೇಳಿ ಫೋನು ಇಟ್ಟರು.

ಶುಕ್ರವಾರ ಬಸ್ಸು ಹಿಡಿದು ಉದ್ಯಾವರದ ಸೇತುವೆ ದಾಟಿ, ಕಾಪು ದಾಟಿ ಎರ್ಮಾಳಿಗೆ ಹೋದರು. ವಾರಿಜಾಳ ಮನೆಗಲ್ಲ, ಮಂದಿರದ ಪಕ್ಕದ ಅಪ್ಪಿಯ ಮನೆಗೆ. ಅಪ್ಪಿಯ ಗಂಡ ಚೆನ್ನಪ್ಪ ದೋಣಿ ನಡೆಸುವ ತಂಡೇಲನಾಗಿದ್ದವನು, ಅಪ್ಪಿ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಈಗ ಇಬ್ಬರು ಸೊಸೆಯರ ಮೇಲೆ ದರ್ಬಾರು ಮಾಡಿಕೊಂಡು ಸುಖವಾಗಿದ್ದಳು. ಅಮ್ಮ ತೀರಿಕೊಂಡಾಗ ಆ ಗಂಜಿಯ ಪಾತ್ರೆ ಅಪ್ಪಿಯ ಮನೆಗೆ ಹೋದದ್ದು ಜೆರ್ಟ್ರೂಡಮ್ಮನಿಗೆ ನೆನಪಿತ್ತು. ಅದು ಬಚ್ಚಲಿನಲ್ಲಿ, ಕಿವಿ ಸೊಟ್ಟಗಾಗಿ, ಸ್ನಾನದ ನೀರು ಕಾಯಿಸಿಕೊಂಡು ಇನ್ನೂ ಬದುಕಿತ್ತು.

ಭಾನುವಾರ ಮಂದಿರದ ಹಿತ್ತಲಲ್ಲಿ ಇದರಲ್ಲಿ ಗಂಜಿ ಇಡುತ್ತೀಯಾ ಎಂದು ಕೇಳಿದಾಗ ಅಪ್ಪಿ ಹಿಂದೆಮುಂದೆ ನೋಡಲಿಲ್ಲ. ಏಕೆ, ಎಂತ ವಿಶೇಷ ಎಂದೂ ಕೇಳಲಿಲ್ಲ. ಸೊಸೆಯಂದಿರನ್ನು ಕರೆದು ಅಕ್ಕಿ ಎಷ್ಟು, ಬಂಗುಡೆ ಎಷ್ಟು ಎಂದು ಅಪ್ಪಣೆ ಕೊಡಿಸಿಯೇಬಿಟ್ಟಳು.

"ನಿನ್ನ ಅಪ್ಪನ ಪ್ರಸಂಗ ನಾನು ಕೇಳಿದವಳಲ್ಲ ಮಗಾ," ಎಂದಳು ತುಳುವಿನಲ್ಲಿ, ಪಾತ್ರೆಯ ತಳಕ್ಕೆ ಕೈ ಬಡಿದು ನೋಡುತ್ತಾ. "ಆದರೆ ಅಷ್ಟು ವರ್ಷದಲ್ಲಿ ಒಂದು ದಿನವೂ ತಳ ಸೀದ ಗಂಜಿ ಉಂಡದ್ದಿಲ್ಲ. ಅದು ನನಗೆ ಗೊತ್ತುಂಟು."

ಅದು ಅಪ್ಪಿಯ ಅಡುಗೆಯ ಲೆಕ್ಕ ಎಂದುಕೊಂಡು ಜೆರ್ಟ್ರೂಡಮ್ಮ ತಲೆಯಾಡಿಸಿದರು. ಪಾತ್ರೆಯನ್ನು ಮಾತ್ರ ತಾವೇ ಕುಳಿತು ಬೂದಿ ಹಾಕಿ ಉಜ್ಜಿದರು. ಸೊಸೆಯಂದಿರು ಕೊಡಿ ಎಂದರೂ ಕೊಡಲಿಲ್ಲ.

ಭಾನುವಾರ ಮಂದಿರ ತುಂಬಿತ್ತು. ಕಾಪುವಿನ ಗಾಡಿಯೂ ಬಂತು, ಕಾರ್ಕಳದ ಹೆಣ್ಣುಮಕ್ಕಳೂ ಬಂದರು. ಡೀನ್ ತನ್ನ ಕಾರಿನಲ್ಲಿ ಮಾಸ್ಟ್ರನ್ನು ಕರೆದುಕೊಂಡು ಬಂದು, ಜೆರ್ಟ್ರೂಡಮ್ಮ ನೋಡದ ಹಾಗೆ ಕಂಬದ ಮರೆಯಲ್ಲಿ ಕುಳಿತ. ಮಾಸ್ಟ್ರು ಹಿಂದಿನ ಸಾಲಿನಲ್ಲಿ ಕನ್ನಡಕ ಒರೆಸಿ ಇಟ್ಟುಕೊಂಡರು. ಗೀತೆ ಮುಗಿಯಿತು, ಪ್ರಾರ್ಥನೆ ಮುಗಿಯಿತು. ಜೆರ್ಟ್ರೂಡಮ್ಮ ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತರು. ವೇದಪುಸ್ತಕ ತೆರೆದು ಮುಂದೆ ಇಟ್ಟುಕೊಂಡರು.

ಕಥೆ ಹೇಳಲು ಶುರುಮಾಡಿದರು. ಬಲೆ ಬೀಸಿ ಬೀಸಿ ಸೋತವರ ಸುದ್ದಿ, ದಡದಲ್ಲಿ ನಿಂತವನ ಸುದ್ದಿ. ದೋಣಿಯ ಬಲಗಡೆ ಎನ್ನುವ ಮಾತು ಬಂದದ್ದೇ ತಡ, ಮುಂದಿನ ಸಾಲಿನ ಮುದುಕರು ಒಬ್ಬರನ್ನೊಬ್ಬರು ತಿವಿದುಕೊಂಡು ನೆಟ್ಟಗೆ ಕುಳಿತರು. ವಾರಿಜಾಳ ಮುಖ ಅರಳಿತು. ಜೆರ್ಟ್ರೂಡಮ್ಮ, ನನ್ನ ಅಪ್ಪ ಇಲ್ಲಿ ಎಂತ ಹೇಳುತ್ತಿದ್ದರೆಂದು ನಿಮಗೆಲ್ಲ ಬಾಯಿಪಾಠ ಉಂಟು, ನೀವೇ ಹೇಳಿ ಎಂದರು. ಬಲ, ಬಲೆ, ಬಲಿ ಎಂದು ಮಂದಿರವೆಲ್ಲ ಒಂದೇ ದನಿಯಲ್ಲಿ ಕೂಗಿತು. ಹಂಚು ನಿಜಕ್ಕೂ ಅದುರಿತು.

"ಅದು ಅಪ್ಪನ ಮಾತು. ವಾಕ್ಯದಲ್ಲಿ ಇರುವುದು ಬಲಗೈಯ ಕಡೆ ಅಂತ ಮಾತ್ರ," ಎಂದರು ಜೆರ್ಟ್ರೂಡಮ್ಮ. "ಆ ಮೂರು ಶಬ್ದ ಅಪ್ಪನ ಪ್ರೀತಿಯಲ್ಲಿ ಹುಟ್ಟಿದ್ದು. ವಾಕ್ಯದಲ್ಲಿ ಇಲ್ಲದ ಕಾರಣ ನಾನು ಅದನ್ನು ಹೇಳುವುದಿಲ್ಲ. ಅವರು ಓದದೆ ಬಿಟ್ಟದ್ದನ್ನು ಓದುತ್ತೇನೆ."

ಅರಳಿದ್ದ ವಾರಿಜಾಳ ಮುಖ ಹಾಗೇ ಮುಚ್ಚಿಕೊಂಡಿತು. ಮುಂದಿನ ಸಾಲಿನ ಒಬ್ಬ ಮುದುಕ ಕೈಕಟ್ಟಿ ಕಿಟಕಿಯ ಕಡೆ ತಿರುಗಿ ಕುಳಿತ. ಜೆರ್ಟ್ರೂಡಮ್ಮ ಅದನ್ನೆಲ್ಲ ಕಂಡರು. ಆದರೂ ಬಿಡದೆ ಓದಿದರು. ದಡದ ಕೆಂಡದ ಬಗ್ಗೆ ಹೇಳಿದರು. ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ ಹೊಟ್ಟೆ ಹೇಗೆ ಸುಡುತ್ತದೆಂದು ಹೇಳಿದರು. ಆಗ ಎಷ್ಟು ರೋಗಿಗಳನ್ನು ನೋಡಿದೆ ಎಂದು ಕೇಳುವವರು ಬೇಡ, ಚಹಾ ಕಾಯಿಸಿ ಇಟ್ಟವರು ಬೇಕು. ಬಲೆಯಲ್ಲಿ ಎಷ್ಟು ಬಿತ್ತು ಎಂದು ಯೇಸು ಕೇಳಲಿಲ್ಲ, ಬೆಂಕಿ ಹಾಕಿ ಮೀನು ಸುಟ್ಟು ಇಟ್ಟಿದ್ದ. ನಿಮ್ಮದನ್ನೂ ತನ್ನಿ ಎಂದದ್ದು ಅವನಿಗೆ ಕಡಿಮೆಯಾಗಿ ಅಲ್ಲ, ಬಂದವರು ಬರಿಗೈಯವರಂತೆ ಕುಳಿತುಕೊಳ್ಳಬಾರದೆಂದು. ಮಾತು ಸರಿಯಾಗಿಯೇ ಬರುತ್ತಿತ್ತು. ಆದರೆ ಕೇಳುವವರ ಮುಖ ಬಿಗಿದೇ ಇತ್ತು.

ಅಷ್ಟರಲ್ಲಿ ಹಿತ್ತಲ ಕಿಟಕಿಯಿಂದ ಗಂಜಿಯ ಪರಿಮಳ ಬಂತು. ಅದರ ಬೆನ್ನಿಗೇ ಇನ್ನೊಂದು ವಾಸನೆ, ಬಹಳ ತೆಳುವಾಗಿ. ಅಡುಗೆ ಮಾಡುವ ಯಾರಿಗೂ ಗೊತ್ತಾಗುವಂಥದ್ದು. ಗಂಜಿ ತಳ ಹಿಡಿಯಲು ಹೊರಟಿತ್ತು.

ಜೆರ್ಟ್ರೂಡಮ್ಮನ ಮಾತು ಅರ್ಧಕ್ಕೇ ನಿಂತಿತು. ಎಲ್ಲರೂ ಮರೆತುಹೋಯಿತೋ ಏನೋ ಎಂದು ತಲೆಯೆತ್ತಿದರು. ಅವರಿಗೆ ಮರೆತದ್ದಲ್ಲ, ಹೊಳೆದದ್ದು. ಸೀದ ಗಂಜಿ ಉಂಡದ್ದಿಲ್ಲ ಎಂದ ಅಪ್ಪಿಯ ಮಾತು, ಆ ಪ್ರಸಂಗ ಮಾಡಿದಾಗಲೆಲ್ಲ ಬಲೆ ತುಂಬಿದಲ್ಲಿಗೆ ಪುಸ್ತಕ ಮುಚ್ಚಿ, ಮುಷ್ಟಿ ಎತ್ತಿ ಮೂರು ಶಬ್ದ ಕೂಗಿ, ಆಮೆನ್ ಎಂದು ಬಾಗಿಲ ಕಡೆ ದೌಡಾಯಿಸುತ್ತಿದ್ದ ಅಪ್ಪನ ಬೆನ್ನು, ಎರಡೂ ಒಟ್ಟಿಗೆ ಕಣ್ಣೆದುರು ಬಂದವು.

"ಅಪ್ಪ ಯಾಕೆ ಅಲ್ಲಿಗೇ ನಿಲ್ಲಿಸುತ್ತಿದ್ದರು ಅಂತ ನನಗೆ ಈಗ ಗೊತ್ತಾಯಿತು," ಎಂದರು. ದನಿಯಲ್ಲಿ ವಾರ್ಡಿನ ಗತ್ತು ಎಳ್ಳಷ್ಟೂ ಇರಲಿಲ್ಲ. "ಹಿತ್ತಲಲ್ಲಿ ಗಂಜಿ ತಳ ಹಿಡಿಯುತ್ತಿತ್ತು. ಮುಂದಿನ ವಾಕ್ಯ ಓದಲಿಕ್ಕೆ ಅವರಿಗೆ ಪುರುಸೊತ್ತಿರಲಿಲ್ಲ. ಓದುವ ಬದಲು ಬಡಿಸಿದರು."

ಮೊದಲು ನಕ್ಕವಳು ವಾರಿಜಾ. ಆಮೇಲೆ ಕಾರ್ಕಳದ ಹೆಣ್ಣುಮಕ್ಕಳು. ಕಿಟಕಿಯ ಕಡೆ ತಿರುಗಿ ಕುಳಿತಿದ್ದ ಮುದುಕ ನಗಲಿಲ್ಲ. ಮೂಗಿನಲ್ಲಿ ಗಾಳಿ ಎಳೆದುಕೊಂಡು ನೋಡಿ, ಮುಂಡಿನ ಅಂಚಿನಿಂದ ಕಣ್ಣು ಒರೆಸಿಕೊಂಡ. ಅವನೂ ಆ ಪಾತ್ರೆಯಿಂದ ಉಂಡವನೇ. ಜೆರ್ಟ್ರೂಡಮ್ಮ ಇನ್ನೊಂದು ಪುಟದಷ್ಟು ತಯಾರಿಸಿ ತಂದಿದ್ದರು, ಬಹಳ ಚೆಂದದ ಕೊನೆಯೂ ಇತ್ತು. ಅದನ್ನೆಲ್ಲ ಅಲ್ಲೇ ಬಿಟ್ಟು ಆಮೆನ್ ಎಂದು, ಅಪ್ಪ ಇಳಿಯುತ್ತಿದ್ದ ಹಾಗೆಯೇ ದಡದಡನೆ ಇಳಿದು ಹಿತ್ತಲಿಗೆ ಓಡಿದರು. ಅಪ್ಪಿ ಆಗಲೇ ಸಿಪ್ಪೆ ಹಿಂದಕ್ಕೆಳೆದು ಸೌಟು ತಿರುಗಿಸುತ್ತಾ, ನಿನ್ನ ಅಪ್ಪ ಇದಕ್ಕಿಂತ ಬೇಗ ಬರುತ್ತಿದ್ದರು ಎಂದು ಗದರಿಸಿದಳು.

ಜನ ಹೊರಗೆ ಬಂದರು. ಮಾಸ್ಟ್ರೂ ಬಂದರು. ಅವರ ಕನ್ನಡಕ ಕೈಯಲ್ಲಿತ್ತು. ಅದರ ಅರ್ಥ ಜೆರ್ಟ್ರೂಡಮ್ಮನಿಗೆ ಗೊತ್ತಿತ್ತು. ಒಪ್ಪುವುದೂ ಬಿಡುವುದೂ ಇನ್ನು ಇವರ ಬಾಯಲ್ಲಿ.

"ಸಿಸ್ಟರ್," ಎಂದರು ಮಾಸ್ಟ್ರು. "ವಾಕ್ಯದಲ್ಲಿ ಮೀನು ಉಂಟು, ರೊಟ್ಟಿ ಉಂಟು. ಗಂಜಿ ಎಲ್ಲಿ ಉಂಟು?"

ಜೆರ್ಟ್ರೂಡಮ್ಮ ಮಾಸ್ಟ್ರ ಮುಖ ನೋಡಿದರು, ಮಸಿ ಹಿಡಿದ ಪಾತ್ರೆ ನೋಡಿದರು. ಸೆರಗಿನಿಂದ ಹಣೆ ಒರೆಸಿಕೊಂಡು, ಒಂದು ತಟ್ಟೆ ಎತ್ತಿ ಅವರ ಕೈಗೆ ಕೊಟ್ಟರು.

"ಇಲ್ಲಿ ಉಂಟು ಮಾಸ್ಟ್ರೇ," ಎಂದರು. "ಬನ್ನಿ, ಊಟ ಮಾಡಿ."

ಈ ಮಾತು ಎಲ್ಲಿ ಉಂಟೆಂದು ಮಾಸ್ಟ್ರು ಕೇಳಲಿಲ್ಲ. ಕನ್ನಡಕವನ್ನು ಜೇಬಿಗೆ ಹಾಕಿ, ಮುದುಕರ ಸಾಲಿನಲ್ಲಿ ನೆಲದ ಮೇಲೆ ಕುಳಿತರು. ಮೊದಲ ತುತ್ತು ಬಾಯಿಗಿಟ್ಟು, ಬರುವ ಭಾನುವಾರ ಎರ್ಮಾಳಿಗೆ ಯಾವ ಅಧ್ಯಾಯ ತೆಗೆದುಕೊಳ್ಳುತ್ತೀರಿ ಎಂದು ವಿಚಾರಿಸಿದರು.